ಹವಳದ ಬುಡ ಬಿಳಿಯಾದರೆ ಮೊದಲು ಮದ್ದು ಹುಡುಕಬೇಡಿ

[ದೃಶ್ಯ: ಮೊಬೈಲ್ ಪರದೆಯಲ್ಲಿ ಕವಲುಕವಲಾದ ಹವಳದ ಚಿತ್ರ]

ನಮಸ್ಕಾರ. ಬದಿಯಡ್ಕದಿಂದ ಮಾತನಾಡುತ್ತಿದ್ದೇನೆ. ಈ ಚಿತ್ರ ಕಳುಹಿಸಿದವರು ಶಾರ್ಜಾದಲ್ಲಿರುವ ನನ್ನ ಭಾವ. ಅವರ ಉಪ್ಪುನೀರಿನ ಅಕ್ವೇರಿಯಂ ತೊಟ್ಟಿಯಲ್ಲಿ ಮೂರು ವರ್ಷ ಚೆನ್ನಾಗಿ ಬೆಳೆದ, ಅಕ್ರೊಪೊರಾ ಎಂಬ ಕಲ್ಲುಹವಳದ ಬುಡ ಎರಡು ಬೆರಳಿನಷ್ಟು ಬಿಳಿಯಾಗಿದೆ. "ನೀರಿನ ಪರೀಕ್ಷೆಯಲ್ಲಿ ಎಲ್ಲವೂ ಸರಿ ಇದೆ. ಯಾವ ಮದ್ದು ಹಾಕಲಿ?" ಎಂದು ಕೇಳಿದ್ದರು.

ಮುಂದೆ ಹೋಗುವ ಮೊದಲು ಒಂದು ಮಾತು. ಭಾರತದಲ್ಲಿ ಕಲ್ಲುಹವಳ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಇವು ಸೇರಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಹಾಗಾಗಿ ಇದು ಗಲ್ಫಿನಲ್ಲಿ ಕಾನೂನಿನ ಪ್ರಕಾರ ಹವಳ ಸಾಕುತ್ತಿರುವ ನಮ್ಮ ಊರಿನವರಿಗಾಗಿ.

[ದೃಶ್ಯ: ಟಾರ್ಚ್ ಬೆಳಕಿನಲ್ಲಿ ಹವಳದ ಬುಡ, ತೀರಾ ಹತ್ತಿರದಿಂದ]

ಬಿಳಿ ಕಂಡದ್ದೆಲ್ಲ ಒಂದೇ ಅಲ್ಲ. ಹವಳವೆಂದರೆ ಸುಣ್ಣದ ಗೂಡಿನ ಮೇಲೆ ತೆಳುವಾಗಿ ಹೊದ್ದ ಜೀವಂತ ಅಂಗಾಂಶ. ಅದರೊಳಗೆ ಬಣ್ಣ ಕೊಡುವ ಸೂಕ್ಷ್ಮ ಪಾಚಿಗಳಿರುತ್ತವೆ. ಸೆಕೆಗೋ ಅತಿ ಬೆಳಕಿಗೋ ಪಾಚಿ ಹೊರಟುಹೋದರೆ ಅದು ಬಿಳಿಚುವಿಕೆ. ಆಗ ಅಂಗಾಂಶ ಗಾಜಿನ ಹಾಗೆ ಉಳಿದಿರುತ್ತದೆ, ಪಾಲಿಪ್‌ಗಳು, ಅಂದರೆ ಹವಳದ ಪುಟ್ಟ ಪುಟ್ಟ ಜೀವಿಗಳು, ಅಲ್ಲಾಡುತ್ತಿರುತ್ತವೆ. ಇಲ್ಲಿ ನೋಡಿ, ಕೆಳಗೆ ಬರೀ ಸುಣ್ಣ, ಮೇಲೆ ಕಂದು ಅಂಗಾಂಶ, ನಡುವೆ ಗೆರೆ ಎಳೆದಂತೆ ಅಂಚು. ಇದು ಅಂಗಾಂಶ ನಾಶ. ಇನ್ನೂ ಹತ್ತಿರದಿಂದ ನೋಡಿದರೆ ಬಿಳಿ ಭಾಗದಲ್ಲೇ ತೀರಾ ಕೆಳಗಿನದು ಹಸಿರಾಗಿದೆ, ಅಂಚಿನ ಪಕ್ಕದ್ದು ಹಾಲಿನಂತೆ ಬೆಳ್ಳಗಿದೆ. ಸತ್ತ ಸುಣ್ಣದ ಮೇಲೆ ಪಾಚಿ ಹಿಡಿಯಲು ಕೆಲವು ದಿನ ಬೇಕು. ಅಂದರೆ ಇದು ನಿನ್ನೆ ರಾತ್ರಿ ಆದದ್ದಲ್ಲ, ವಾರಗಳಿಂದ ಮೆಲ್ಲಗೆ ಮೇಲೇರುತ್ತಿದೆ.

ಈ ವೇಗವೇ ದೊಡ್ಡ ಸುಳಿವು. ಕೆಲವೊಮ್ಮೆ ಇಡೀ ಹವಳದ ಅಂಗಾಂಶ ಒಂದೇ ದಿನದಲ್ಲಿ ಕಿತ್ತುಬರುತ್ತದೆ. ಆಗ ಯೋಚಿಸುತ್ತ ಕೂರುವಂತಿಲ್ಲ, ಆರೋಗ್ಯವಾಗಿರುವ ತುದಿಗಳನ್ನು ಅಂಚಿನಿಂದ ಸಾಕಷ್ಟು ಮೇಲೆ ಕತ್ತರಿಸಿ ಬೇರೆ ಇಡಬೇಕು. ಬುಡದಿಂದ ನಿಧಾನವಾಗಿ ಏರುತ್ತಿದ್ದರೆ ಹುಡುಕಲು ಸಮಯವಿದೆ.

ಮದ್ದಿನ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ನಮ್ಮ ತೋಟಗಳಲ್ಲಿ ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಬಿಡುತ್ತೇವೆ. ರೋಗ ಗೊತ್ತು, ಮದ್ದೂ ಗೊತ್ತು. ಆದರೆ ಅದರಲ್ಲಿರುವ ಮೈಲುತುತ್ತು, ಅಂದರೆ ತಾಮ್ರ, ಹವಳಕ್ಕೆ ವಿಷ. ಮೀನಿನ ಬಿಳಿಚುಕ್ಕೆ ರೋಗದ ಎಷ್ಟೋ ಮದ್ದುಗಳಲ್ಲಿಯೂ ತಾಮ್ರವಿದೆ. ಕಾರಣ ತಿಳಿಯದೆ ಬಾಟಲಿ ಸುರಿದರೆ ಉಳಿದ ಹವಳವೂ ಹೋಗುತ್ತದೆ. ಕಡಲಿನ ಹವಳದಲ್ಲೂ ಕಾರಣ ಹುಡುಕುವುದು ಸುಲಭವಲ್ಲ: 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಅಂಗಾಂಶ ನಾಶದ ರೋಗಕ್ಕೆ ಕಾರಣವಾದ ಜೀವಿ ಇದೆಂದು ಇಂದಿಗೂ ಖಚಿತವಾಗಿಲ್ಲ.

[ದೃಶ್ಯ: ಭೂತಗನ್ನಡಿ, ರಬ್ಬರ್ ಬಲ್ಬ್]

ಭಾವನಿಗೆ ಮೊದಲು ಹೇಳಿದ್ದು ಭೂತಗನ್ನಡಿ ಹಿಡಿಯಿರಿ ಎಂದು. ಅಕ್ರೊಪೊರಾ ತಿನ್ನುವ ಚಪ್ಪಟೆಹುಳು ಹವಳದ ಬಣ್ಣಕ್ಕೇ ಹೊಂದಿಕೊಂಡಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಸಿಕ್ಕಿಬೀಳುವುದು ಬೋಳಾದ ಸುಣ್ಣದ ಮೇಲೆ ಅದು ಇಟ್ಟ ಕಂದು ಮೊಟ್ಟೆಗಳ ಗುಂಪಿನಿಂದ. ಬಲ್ಬಿನಿಂದ ನೀರು ಚಿಮ್ಮಿಸಿದರು, ಹುಳು ಉದುರಲಿಲ್ಲ. ಮೊಟ್ಟೆಯೂ ಇಲ್ಲ, ಸೋಂಕಿನ ಗುರುತಾದ ಕಂದು ಲೋಳೆಯೂ ಇಲ್ಲ.

ಹಾಗಾದರೆ ಆ "ಎಲ್ಲವೂ ಸರಿ" ಎಂಬ ಮಾತನ್ನೇ ಹಿಡಿದೆ. ಆಲ್ಕಲಿನಿಟಿ, ಅಂದರೆ ಹವಳ ಸುಣ್ಣ ಕಟ್ಟಲು ಬಳಸುವ ಕಾರ್ಬೊನೇಟ್ ನೀರಿನಲ್ಲಿ ಎಷ್ಟಿದೆ ಎಂಬ ಅಳತೆ, ಎಷ್ಟು? "ಎಂಟು ಡಿಕೆಎಚ್, ಆರು ತಿಂಗಳಿಂದ ಅಲ್ಲಾಡಿಲ್ಲ." (ಡಿಕೆಎಚ್ ಎಂಬುದು ಅದರ ಮಾನ.) ಯಾವಾಗ ಅಳೆಯುತ್ತೀರಿ? "ಪ್ರತಿ ಶುಕ್ರವಾರ ಬೆಳಿಗ್ಗೆ."

ಪ್ರತಿ ಬಾರಿಯೂ ಅದೇ ಹೊತ್ತು! ಅವತ್ತು ರಾತ್ರಿ ಹತ್ತು ಗಂಟೆಗೆ ಅಳೆಯಿಸಿದೆ: ಹತ್ತೂವರೆ ಡಿಕೆಎಚ್. ಹವಳ ದೊಡ್ಡದಾದಂತೆ ಸುಣ್ಣ ಕಟ್ಟಲು ಹೆಚ್ಚು ಕಾರ್ಬೊನೇಟ್ ಬೇಕಾಗಿತ್ತು, ಭಾವ ತೊಟ್ಟಿಗೆ ಬಿಡುವ ಕಾರ್ಬೊನೇಟ್ ದ್ರಾವಣದ ಪ್ರಮಾಣ ಏರಿಸುತ್ತ ಬಂದಿದ್ದರು. ದ್ರಾವಣ ಬಿಡುವ ಯಂತ್ರ ಇಡೀ ದಿನದ ಪಾಲನ್ನು ಸಂಜೆ ಒಂದೇ ಸಲ ಸುರಿಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಮತ್ತೆ ಎಂಟು. ಎಂಟು ಒಳ್ಳೆಯ ಅಂಕಿ, ಹತ್ತೂವರೆಯಲ್ಲಿ ಬದುಕುವ ಹವಳಗಳೂ ಇವೆ. ಆದರೆ ದಿನವೂ ಎರಡರ ನಡುವೆ ತೂಗುವುದನ್ನು ಅಕ್ರೊಪೊರಾ ಸಹಿಸುವುದಿಲ್ಲ.

ಬೇರೆ ಏನನ್ನೂ ಮುಟ್ಟಬೇಡಿ ಎಂದೆ. ಬೆಳಕು, ಫಿಲ್ಟರ್, ಉಪ್ಪು ಎಲ್ಲವೂ ಇದ್ದ ಹಾಗೇ ಇರಲಿ; ಒಟ್ಟಿಗೆ ನಾಲ್ಕು ಬದಲಿಸಿದರೆ ಯಾವುದು ನಾಟಿತೆಂದು ತಿಳಿಯುವುದಿಲ್ಲ. ದಿನದ ಪಾಲನ್ನು ಇಪ್ಪತ್ತನಾಲ್ಕು ಭಾಗ ಮಾಡಿ ಗಂಟೆಗೊಮ್ಮೆ ಬಿಡುವಂತೆ ಯಂತ್ರ ಹೊಂದಿಸಿದರು. ಅಂಚು ಎಲ್ಲಿದೆಯೆಂದು ಗುರುತಿಸಲು ಎರಡು ದಿನಕ್ಕೊಮ್ಮೆ ಒಂದೇ ಕೋನದಿಂದ ಫೋಟೊ ತೆಗೆದರು.

[ದೃಶ್ಯ: ಎರಡು ಫೋಟೊಗಳು ಅಕ್ಕಪಕ್ಕ]

ಎಡಗಡೆಯದು ಮೊದಲ ದಿನದ್ದು, ಬಲಗಡೆಯದು ಆರನೇ ವಾರದ್ದು. ಅಂಚು ಮೇಲೇರಿಲ್ಲ. ಇಲ್ಲಿ, ಬೆರಳು ಇಟ್ಟ ಕಡೆ ನೋಡಿ: ಅಂಗಾಂಶದ ತುದಿ ದಪ್ಪವಾಗಿ, ಹಸಿರು ಹಿಡಿದ ಸುಣ್ಣದ ಮೇಲೆ ಅಕ್ಕಿಕಾಳಿನಷ್ಟು ಕೆಳಗೆ ಇಳಿದಿದೆ.