ಓಟು ಸಾಲಲಿಲ್ಲ, ಆದರೂ ನಾಜಿಗಳು ಡಾನ್‌ಜಿಗ್ ಹಿಡಿದರು

ನಮಸ್ಕಾರ. ನಾಜಿಗಳು ಅಂದ ಕೂಡಲೇ ಟ್ಯಾಂಕು, ಬಾಂಬು ನೆನಪಾಗುತ್ತವೆ ಅಲ್ವಾ? ಇವತ್ತು ಹೇಳೋ ಊರಲ್ಲಿ ಯುದ್ಧಕ್ಕೆ ಆರು ವರ್ಷ ಮೊದಲೇ ಅವರು ಕುರ್ಚಿ ಮೇಲೆ ಕೂತಿದ್ದರು. ಅದೂ ಓಟು ಹಾಕಿಸಿಕೊಂಡು.

(ತೆರೆ ಮೇಲೆ: ಬಾಲ್ಟಿಕ್ ಸಮುದ್ರದ ನಕ್ಷೆ)

ಇದು ಡಾನ್‌ಜಿಗ್, ಈಗ ಪೋಲೆಂಡಿನ ಗ್ದಾನ್ಸ್ಕ್. ಮೊದಲ ಮಹಾಯುದ್ಧ ಮುಗಿದಾಗ ಇಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ಜರ್ಮನ್ ಮಾತಾಡುವವರು, ಆದರೆ ಹೊಸ ಪೋಲೆಂಡಿಗೆ ಒಂದು ಬಂದರು ಬೇಕೇ ಬೇಕು. ಸರಿ, 1920ರಲ್ಲಿ ಇಬ್ಬರಿಗೂ ಕೊಡದೆ ‘ಸ್ವತಂತ್ರ ನಗರ’ ಅಂತ ಮಾಡಿ ಲೀಗ್ ಆಫ್ ನೇಷನ್ಸ್ (ಯುದ್ಧ ತಡೆಯಲು ದೇಶಗಳು ಸೇರಿ ಕಟ್ಟಿದ ಸಂಸ್ಥೆ) ಕಾವಲಿಗೆ ಬಿಟ್ಟರು. ಸ್ವಂತ ಸಂಸತ್ತು, ಆಮೇಲೆ ಗುಲ್ಡನ್ ಅಂತ ಸ್ವಂತ ದುಡ್ಡು, ಕಸ್ಟಮ್ಸ್ ಮಾತ್ರ ಪೋಲೆಂಡ್ ಜೊತೆ.

1930ರಲ್ಲಿ ಹಿಟ್ಲರ್ ಇಲ್ಲಿಗೆ ಆಲ್ಬರ್ಟ್ ಫೋರ್ಸ್ಟರ್ ಅನ್ನೋ 28 ವರ್ಷದವನನ್ನು ಕಳಿಸಿದ. ಆ ವರ್ಷ ಊರಿನ ಸಂಸತ್ತಿನಲ್ಲಿ ನಾಜಿ ಪಕ್ಷಕ್ಕೆ 72ರಲ್ಲಿ 12 ಸೀಟು. 1933ರ ಮೇನಲ್ಲಿ 38! ಸರ್ಕಾರ ಸಿಕ್ಕಿತು. ಆದರೆ ಸಂವಿಧಾನ ಬದಲಿಸಲು ಮೂರರಲ್ಲಿ ಎರಡು ಪಾಲು, ಅಂದರೆ 48 ಸೀಟು ಬೇಕು. ಅದಕ್ಕೇ 1935ರ ಏಪ್ರಿಲ್‌ನಲ್ಲಿ ಮತ್ತೆ ಚುನಾವಣೆ ಇಟ್ಟರು. ಎದುರು ಪಕ್ಷದವರಿಗೆ ಹೊಡೆತ, ಪತ್ರಿಕೆಗಳಿಗೆ ಬೀಗ. ಇಷ್ಟೆಲ್ಲಾ ಮಾಡಿಯೂ ಸಿಕ್ಕ ಓಟು ನೂರಕ್ಕೆ ಅರವತ್ತು ದಾಟಲಿಲ್ಲ.

ಆಮೇಲೆ ಒಂದು ತಿಂಗಳೂ ಕಳೆದಿರಲಿಲ್ಲ, ಗುಲ್ಡನ್ ಬೆಲೆಯನ್ನು ನೂರಕ್ಕೆ 42ರಷ್ಟು ಇಳಿಸಿಬಿಟ್ಟರು. ಜೇಬಲ್ಲಿದ್ದ ನೂರು ಗುಲ್ಡನ್ನಿಗೆ ಹೊರದೇಶದ ಲೆಕ್ಕದಲ್ಲಿ ಐವತ್ತೆಂಟರ ಬೆಲೆ. ಓಟು ಹಾಕುವ ಮುಂಚೆ ಮಾಡಿದ್ದರೆ ಏನಾಗುತ್ತಿತ್ತೋ, ನೀವೇ ಯೋಚಿಸಿ.

ಕಾವಲುಗಾರ ಎಲ್ಲಿದ್ದ? ಇದ್ದರು, ಐರ್ಲೆಂಡಿನ ಶಾನ್ ಲೆಸ್ಟರ್, ಲೀಗ್‌ನ ಹೈ ಕಮಿಷನರ್, ಅಂದರೆ ಊರಲ್ಲಿ ಅದರ ಪ್ರತಿನಿಧಿ. ಸಂವಿಧಾನ ಮುರಿಯುತ್ತಿದ್ದಾರೆ ಅಂತ ಲೀಗ್ ಕಚೇರಿಯಿದ್ದ ಜಿನೀವಾಕ್ಕೆ ಬರೆದೂ ಬರೆದೂ ಸಾಕಾದರು. 1936ರ ಜೂನ್‌ನಲ್ಲಿ ಜರ್ಮನಿಯ ಲೈಪ್‌ಜಿಗ್ ಯುದ್ಧನೌಕೆ ಬಂದಾಗ ಅದರ ಅಧಿಕಾರಿಗಳು ವಾಡಿಕೆಯಂತೆ ಅವರನ್ನು ಕಂಡು ಹೋಗಲಿಲ್ಲ, ಬೇಕಂತಲೇ. ಜುಲೈನಲ್ಲಿ ಜಿನೀವಾದ ಸಭೆಗೆ ಬಂದ ನಾಜಿ ಸೆನೆಟ್ ಅಧ್ಯಕ್ಷ, ಅಂದರೆ ಊರಿನ ಸರ್ಕಾರದ ಮುಖ್ಯಸ್ಥ, ಆರ್ಥರ್ ಗ್ರೈಸರ್ ಭಾಷಣ ಮುಗಿಸಿ ನಾಜಿ ಸೆಲ್ಯೂಟ್ ಹೊಡೆದ, ಪತ್ರಕರ್ತರು ನಕ್ಕರು, ಅವನು ಹೆಬ್ಬೆರಳನ್ನು ಮೂಗಿಗಿಟ್ಟು ಅಣಕಿಸಿದ. ಮೂರನೇ ಕ್ಲಾಸಿನ ಹುಡುಗರ ಥರ! ಕೊನೆಗೆ ಊರು ಬಿಟ್ಟವರು ಲೆಸ್ಟರ್. ಲೀಗ್ ಅವರಿಗೆ ಜಿನೀವಾದಲ್ಲಿ ಬೇರೆ ಹುದ್ದೆ ಕೊಟ್ಟಿತು.

ಆಮೇಲೆ ತಡೆಯುವವರೇ ಇಲ್ಲ. 1936ರಲ್ಲಿ ಸೋಶಿಯಲ್ ಡೆಮಾಕ್ರಟರಿಗೆ ನಿಷೇಧ, 1937ರಲ್ಲಿ ಕ್ಯಾಥೊಲಿಕರ ಸೆಂಟರ್ ಪಾರ್ಟಿಗೂ.

1939ರ ಆಗಸ್ಟ್ ಕೊನೆಗೆ ಇನ್ನೊಂದು ಜರ್ಮನ್ ನೌಕೆ, ಶ್ಲೆಸ್ವಿಗ್-ಹೋಲ್‌ಸ್ಟೈನ್, ಸುಮ್ನೆ ಸ್ನೇಹದ ಭೇಟಿ ಅಂತ ಬಂದು ನಿಂತಿತು. ಸೆಪ್ಟೆಂಬರ್ 1ರ ಬೆಳಗಿನ ಜಾವ ಅದರ ಫಿರಂಗಿ ಬಂದರಿನ ಬಾಯಲ್ಲಿರುವ ವೆಸ್ಟರ್‌ಪ್ಲಾಟೆಯಲ್ಲಿದ್ದ ಪೋಲಿಷ್ ಸೈನಿಕರ ಮೇಲೆ ಸಿಡಿಯಿತು. ಅದೇ ದಿನ ಫೋರ್ಸ್ಟರ್ ನಗರವನ್ನು ಜರ್ಮನಿಗೆ ಸೇರಿಸಿದೆ ಎಂದು ಸಾರಿ, ಲೀಗ್‌ನ ಕೊನೆಯ ಹೈ ಕಮಿಷನರ್‌ಗೆ ಊರು ಬಿಟ್ಟು ಹೊರಡಿ ಎಂದ.