ಮೈಸೂರು ವ್ಲಾಗ್: ಬೆಟ್ಟ, ಬೀಟೆ ಮರ, ಹೆಜ್ಜಾರ್ಲೆ

ಮೆಟ್ಟಿಲು ಹತ್ತಿದ್ದನ್ನೆಲ್ಲ ಕತ್ತರಿಸಿದ್ದೇನೆ. ಚಾಮುಂಡಿ ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲು, ಅಷ್ಟೂ ನಿಮಗೆ ಬೇಡ. ಇಗೋ, ನಂದಿ ಬಂತು. ಅರ್ಧಕ್ಕಿಂತ ಜಾಸ್ತಿ ಹತ್ತಿದ ಮೇಲೆ ಸಿಗುತ್ತಾನೆ. ದೊಡ್ಡ ದೇವರಾಜ ಒಡೆಯರ ಕಾಲದ್ದು, 17ನೇ ಶತಮಾನ. ಒಂದೇ ಬಂಡೆ. ಆ ಕೊರಳಿನ ಗಂಟೆ ಸರ ನೋಡಿ, ಒಂದೊಂದು ಗಂಟೆಯೂ ಬೇರೆಯಾಗಿ ಕಾಣುತ್ತದೆ. ಕಾರಲ್ಲಿ ಸೀದಾ ಮೇಲಕ್ಕೆ ಹೋಗುವವರು ಇಲ್ಲಿ ನಿಲ್ಲುವುದೇ ಇಲ್ಲ, ಅದು ಸರಿಯಲ್ಲ. ಮೇಲೆ ಅಮ್ಮನವರ ದರ್ಶನ ಚೆನ್ನಾಗಿ ಆಯ್ತು. ಗರ್ಭಗುಡಿ ಹತ್ತಿರ ಕ್ಯಾಮೆರಾ ತೆಗೆಯಲಿಲ್ಲ, ಅದಕ್ಕೇ ಗೋಪುರ ಮಾತ್ರ.

ಈಗ ಈ ಆಟೋ ವಿಷಯ. ಇದನ್ನು ಹೇಳಲೇಬೇಕು. ಮಂಡಿ ಮೊಹಲ್ಲಾಕ್ಕೆ ಬಿಡಿ, ಬೀಟೆ ಮರದ ಇನ್‌ಲೇ ಕೆಲಸ ನೋಡಬೇಕು ಅಂದೆ. ಇನ್‌ಲೇ ಅಂದರೆ ಒಂದು ಮರದೊಳಗೆ ಇನ್ನೊಂದು ಮರದ ಚೂರು ಕೂರಿಸಿ ಚಿತ್ರ ಮಾಡುವುದು. "ಅಲ್ಲಿ ಇವತ್ತು ಎಲ್ಲಾ ರಜಾ ಮೇಡಂ, ಸರ್ಕಾರಿ ಅಂಗಡಿಗೆ ಕರ್ಕೊಂಡು ಹೋಗ್ತೀನಿ" ಅಂದರು. ಅಂಗಡಿಯ ಮುಂದೆ ಸರ್ಕಾರದ ಬೋರ್ಡೇ ಇಲ್ಲ. ಒಳಗೆ ಹೋದ ತಕ್ಷಣ ಚಹಾ ಬಂತು, ಗಂಧದೆಣ್ಣೆ ಬಂತು, ಆನೆಯ ಚಿತ್ರ ಬಂತು. ಬೆಲೆ 6,500 ರೂಪಾಯಿ. ನಾನು ಸುಮ್ನೆ ನಿಂತಿದ್ದೆ ಅಷ್ಟೇ, 3,000ಕ್ಕೆ ಇಳಿಯಿತು. ಬಾಗಿಲ ಹತ್ತಿರ ಬಂದಾಗ 1,200.

ಚಿತ್ರವನ್ನು ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಆಕಾಶದಲ್ಲಿ ಒಂದು ಮರದ ಗೆರೆ ಇದೆಯಲ್ಲ, ಅದೇ ಗೆರೆ ಆನೆಯ ಬೆನ್ನ ಮೇಲೆ ಹಾದು ಹುಲ್ಲಿನವರೆಗೂ ಇಳಿದಿದೆ. ಅಂದರೆ ಇಡೀ ಹಲಗೆ ಒಂದೇ, ಮೇಲೆ ಅಚ್ಚು ಹಾಕಿದ್ದಾರೆ. ನಿಜವಾದ ಇನ್‌ಲೇನಲ್ಲಿ ಆನೆ ಒಂದು ಮರ, ಆಕಾಶ ಇನ್ನೊಂದು ಮರ. ಗೆರೆಗಳು ಅವುಗಳ ಪಾಡಿಗೆ ಬೇರೆ ಬೇರೆ ಕಡೆ ಓಡುತ್ತವೆ. ಮೈಸೂರು ಇನ್‌ಲೇ ಅಂತ ಹೇಳಿ ಇದನ್ನು ಮಾರುವವರ ಮೇಲೆ ನನಗೆ ಕೋಪ ಬರುತ್ತದೆ. ನಿಜವಾದ ಮೈಸೂರು ಇನ್‌ಲೇಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅಂದರೆ ಇದು ಈ ಊರಿನದೇ ಕೆಲಸ ಅನ್ನುವ ಅಧಿಕೃತ ಗುರುತು.

ಇನ್ನೊಂದು ಆಟೋ ಹಿಡಿದು ಮಂಡಿ ಮೊಹಲ್ಲಾಕ್ಕೇ ಬಂದೆವು. ರಜಾ ಗಿಜಾ ಏನೂ ಇಲ್ಲ. "ಕೂತ್ಕೊಳಮ್ಮ, ಧೂಳಿದೆ, ಆ ಮಣೆ ತಗೋ" ಅಂದರು ಇನ್‌ಲೇ ಕೆಲಸ ಮಾಡುವ ಯಜಮಾನರು. ಆ ಹಳದಿ ಚೂರು ಹಲಸಿನ ಮರ. ಕಪ್ಪಗಿರುವುದು ಬೀಟೆ. ಬಣ್ಣದ ಡಬ್ಬಿಯೇ ಇಲ್ಲ, ಮರದ್ದೇ ಬಣ್ಣ. ಹಿಂದೆ ಬಿಳಿಗೆ ಆನೆ ದಂತ ಹಾಕುತ್ತಿದ್ದರು. ಅರಮನೆಯ ಅಂಬಾವಿಲಾಸ ಸಭಾಂಗಣದ ಬೀಟೆ ಬಾಗಿಲಲ್ಲಿ ಅದನ್ನು ಈಗಲೂ ನೋಡಬಹುದು. ದಂತ ನಿಷೇಧವಾದ ಮೇಲೆ ಪ್ಲಾಸ್ಟಿಕ್ ಬಂದಿದೆ.

ಇಲ್ಲಿ ನೋಡಿ, ಆನೆಯ ಕಿವಿ. ಸಣ್ಣ ಗರಗಸದಲ್ಲಿ ಕೊಯ್ದರು. ಬೀಟೆ ಹಲಗೆಯಲ್ಲಿ ಅದೇ ಆಕಾರಕ್ಕೆ ಗುಂಡಿ ತೋಡಿದ್ದಾರೆ. ಕೂರಿಸಿದರು, ಕೂರಲಿಲ್ಲ. ಉಜ್ಜಿ ಮತ್ತೆ ಕೂರಿಸಿದರು, ಮತ್ತೆ ತೆಗೆದರು. ಕೊನೆಗೆ ಕೂತಾಗ ಎರಡು ಮರದ ಮಧ್ಯೆ ಉಗುರು ಸಿಗುವಷ್ಟೂ ಸಂದಿಯಿಲ್ಲ. ಅಂಗೈಯಗಲದ ಈ ಚಿತ್ರಕ್ಕೆ 1,800 ರೂಪಾಯಿ ಹೇಳಿದರು. ಇಂಥದ್ದಕ್ಕೆ ಇಷ್ಟು ದುಡ್ಡಾ ಅಂತ ಬೆಳಗ್ಗೆ ಆಟೋದಲ್ಲಿ ನಾನೇ ಅಂದಿದ್ದೆ. ಈಗ ಹೇಳುತ್ತೇನೆ, ಇದು ಕಡಿಮೆಯೇ. ಚೌಕಾಸಿ ಮಾಡಲಿಲ್ಲ. ನೀವೂ ಮಾಡಬೇಡಿ.

ರೇಷ್ಮೆ ಬೇಕಾದವರಿಗೂ ಇದೇ ಮಾತು, ಮಾಡುವ ಜಾಗಕ್ಕೇ ಹೋಗಿ. ಮಾನಂದವಾಡಿ ರಸ್ತೆಯಲ್ಲಿ 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆ ಇದೆ. ಈಗ ಅದನ್ನು ರೇಷ್ಮೆ ಕೈಗಾರಿಕೆಗಳ ನಿಗಮ ನಡೆಸುತ್ತಿದೆ. ಜರಿಯಲ್ಲಿ ನಿಜವಾದ ಬೆಳ್ಳಿ, ಚಿನ್ನ ಇರುತ್ತದೆ. ನಮ್ಮ ಅತ್ತೆಯ ಮದುವೆ ಸೀರೆ ಅಲ್ಲಿಯದೇ, ಅಂಚು ಇವತ್ತಿಗೂ ಕಪ್ಪಾಗಿಲ್ಲ. ಆ ಸೀರೆ ನನಗೆ ಬರಬೇಕಿತ್ತು, ಅಕ್ಕನಿಗೆ ಹೋಯಿತು... ಇರಲಿ, ದೋಣಿ ಹೊರಟಿತು.

ಇದು ರಂಗನತಿಟ್ಟು, ಶ್ರೀರಂಗಪಟ್ಟಣದ ಪಕ್ಕ, ಕಾವೇರಿಯ ದ್ವೀಪಗಳಲ್ಲಿರುವ ಪಕ್ಷಿಧಾಮ. ಮೈಸೂರಿನ ಮೃಗಾಲಯಕ್ಕೆ ಹೋಗದೆ ಇಲ್ಲಿಗೆ ಬಂದೆವು, ಬೋನಿನ ಪ್ರಾಣಿ ನನಗೆ ಹಿಡಿಸುವುದಿಲ್ಲ. ಆದರೂ ಮಕ್ಕಳಿದ್ದರೆ ಹೋಗಿ. 1892ರಿಂದ ಇರುವ ಮೃಗಾಲಯ ಅದು, ಒಳಗೆ ಮರಗಳೇ ಸಾಕು ನೋಡೋಕೆ. ಮಂಗಳವಾರ ರಜಾ, ಇದು ನಿಜವಾದ ರಜಾ!

ಎಡಕ್ಕೆ ನೋಡಿ, ಬಣ್ಣದ ಕೊಕ್ಕರೆ, ಬಾಲದ ಹತ್ತಿರ ಗುಲಾಬಿ ಗರಿ. ಆಚೆ ಹೆಜ್ಜಾರ್ಲೆ, ಅಂದರೆ ಪೆಲಿಕನ್, ಬಾಯಲ್ಲಿ ಕಡ್ಡಿ ಹಿಡಿದಿದೆ, ಗೂಡಿಗೆ. ಪಕ್ಷಿತಜ್ಞ ಸಲೀಂ ಅಲಿ ಅವರು ಇಲ್ಲಿನ ಗೂಡುಗಳನ್ನು ನೋಡಿ ಮಹಾರಾಜರಿಗೆ ಹೇಳಿ, 1940ರಲ್ಲಿ ಇದು ಪಕ್ಷಿಧಾಮ ಆಯ್ತು. ಅವರು ಹೇಳದೇ ಹೋಗಿದ್ದರೆ ಈ ದ್ವೀಪಗಳು ಹೀಗೆ ಉಳಿಯುತ್ತಿದ್ದವಾ? ನನಗಂತೂ ಅನುಮಾನ. ಮೊಸಳೆ! ಬಂಡೆಯ ಮೇಲೆ, ಬಾಯಿ ತೆರೆದುಕೊಂಡು ಮಲಗಿದೆ. ಜೂಮ್ ಮಾಡೋಣ ಅಂದರೆ ದೋಣಿ ತಿರುಗಿತು.

ದಡ ಬಂತು. ಅರಮನೆಯ ದೀಪ ಭಾನುವಾರ ಸಂಜೆ ಹಾಕುತ್ತಾರೆ, ಅದು ಮುಂದಿನ ವಿಡಿಯೋ. ಮಂಡಿ ಮೊಹಲ್ಲಾದಲ್ಲಿ ನಿಮಗೆ ಗೊತ್ತಿರುವ ಇನ್‌ಲೇ ಕೆಲಸದವರು ಇದ್ದರೆ ಕೆಳಗೆ ಬರೆಯಿರಿ. ಹೋಗಿ ಅವರ ಕೆಲಸವನ್ನೂ ತೋರಿಸುತ್ತೇನೆ.