ರಾಕ್ಷಸನ ಮೊಟ್ಟೆ ಒಡೆದದ್ದು ಎಲ್ಲಿ?

ನಮಸ್ಕಾರ ಎಲ್ಲರಿಗೂ. ಮೈಸೂರಲ್ಲಿ ಬೆಳಗ್ಗೆಯಿಂದ ಮಳೆ. ಈ ಕಿಟಕಿ ಶಾಟ್ ಮಸುಕಾಗಿ ಕಾಣುತ್ತಿದೆ ಅಲ್ವಾ, ಲೆನ್ಸ್ ಸರಿಯಾಗೇ ಇದೆ, ಗಾಜಿನ ಮೇಲೆ ನೀರು ಇಳಿಯುತ್ತಿದೆ ಅಷ್ಟೇ. ಶನಿವಾರ, ಅರ್ಧ ದಿನ ಸ್ಕೂಲು. ಮಕ್ಕಳ ಊಟ ಮುಗಿದಿದೆ. ಚಾಪೆ ಹಾಸಿದ್ದೇನೆ, ದಿಂಬು ತಂದಿದ್ದಾರೆ. ಪುಟ್ಟಿಗೆ ಒಂಬತ್ತು ವರ್ಷ, ಚಿನ್ನುಗೆ ಆರು.

ಒಂದು ತಿಂಗಳಿಂದ ವಾರಕ್ಕೊಮ್ಮೆ ಹೀಗೆ ಕೂರುತ್ತೇವೆ. ಮೊದಲು ಒಂದು ಕಥೆ. ಆಮೇಲೆ ಅದೇ ಕಥೆ ಇಟ್ಟುಕೊಂಡು ಬರೆದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ನಾನು ಅದನ್ನು ಕಲಿತವಳಲ್ಲ. ಕೇಳುತ್ತೇನೆ, ಕಾಲೇಜು ದಿನದಿಂದ ಕೇಳುತ್ತಿದ್ದೇನೆ, ತುಂಬಾ ಇಷ್ಟ.

ನಮ್ಮ ಸಂಗೀತ ಇಲ್ವಾ ಅಂತ ನನ್ನ ಅತ್ತೆಯೇ ಕೇಳಿದರು. ಇದೆ, ಬಿಟ್ಟಿಲ್ಲ. ಪುಟ್ಟಿ ಕರ್ನಾಟಕ ಸಂಗೀತದ ಕ್ಲಾಸಿಗೆ ಹೋಗುತ್ತಾಳೆ. ‘ಲಂಬೋದರ ಲಕುಮಿಕರ’ ಈಗಷ್ಟೇ ಮುಗಿಸಿದ್ದಾಳೆ. ಅಲ್ಲೂ ಪುರಾಣವೇ. ಆದರೆ ಅಲ್ಲಿ ಸಾಹಿತ್ಯ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಇಲ್ಲಿ ಮಾತೇ ಇಲ್ಲ, ಬರೀ ವಾದ್ಯ. ಯಾರು ಬಂದರು, ಯಾರು ಓಡಿದರು, ಕತ್ತಲಾಯಿತಾ ಬೆಳಗಾಯಿತಾ, ಎಲ್ಲ ಕಿವಿಯಲ್ಲೇ ಕಂಡುಕೊಳ್ಳಬೇಕು. ಮಕ್ಕಳಿಗೆ ಅದು ಬೇರೆಯೇ ಆಟ.

ಎಲ್ಲರೂ ಪ್ರೊಕೊಫಿಯೆವ್ ಬರೆದ ‘ಪೀಟರ್ ಮತ್ತು ತೋಳ’ದಿಂದ ಶುರು ಮಾಡಿ ಅನ್ನುತ್ತಾರೆ. 1936ರಲ್ಲಿ ಮಾಸ್ಕೋದ ಮಕ್ಕಳ ರಂಗಮಂದಿರಕ್ಕೆ ಅಂತಲೇ ಬರೆದದ್ದು. ನನಗೆ ಅದು ಶುರುವಿಗೆ ಸರಿ ಅನ್ನಿಸುವುದಿಲ್ಲ. ಅದರಲ್ಲಿ ಒಬ್ಬರು ಕಥೆ ಹೇಳುತ್ತಾ ಹೋಗುತ್ತಾರೆ, ಮಕ್ಕಳು ಆ ಮಾತಿಗೇ ಕಾಯುತ್ತಾರೆ. ಸಂಗೀತ ಬಂದಾಗ ಆಕಳಿಸುತ್ತಾರೆ. ನಮ್ಮ ಮನೆಯಲ್ಲಿ ಹಾಗೇ ಆಯಿತು. ಹಾಗಾಗಿ ಬಿಟ್ಟುಬಿಟ್ಟೆ.

ಈಗ ಈ ಶಾಟ್ ನೋಡಿ. ಇಬ್ಬರೂ ತುದಿಗಾಲಲ್ಲಿ ಸೋಫಾ ಸುತ್ತ ಹೋಗುತ್ತಿದ್ದಾರೆ. ಇದು ಗ್ರೀಗ್ ಬರೆದ ‘ಬೆಟ್ಟದ ರಾಜನ ಸಭೆಯಲ್ಲಿ’. ನಾರ್ವೆಯ ಇಬ್ಸೆನ್ ಅವರ ‘ಪೇರ್ ಗಿಂಟ್’ ನಾಟಕಕ್ಕೆ ಮಾಡಿದ ಸಂಗೀತ, 1876ರಲ್ಲಿ ರಂಗಕ್ಕೆ ಬಂತು. ಬೆಟ್ಟದ ಹೊಟ್ಟೆಯೊಳಗೆ ಟ್ರೋಲ್‌ಗಳ, ಅಂದರೆ ಅಲ್ಲಿನ ಜಾನಪದ ರಾಕ್ಷಸರ ರಾಜ್ಯ. ನಾಟಕದ ಹುಡುಗ ಪೇರ್ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಒಂದೇ ಒಂದು ಧಾಟಿ. ಮೊದಲು ಕೆಳಗಿನ ತಂತಿಗಳಲ್ಲಿ ಮೀಟುತ್ತಾ, ಕಳ್ಳ ಹೆಜ್ಜೆಯ ಹಾಗೆ. ಅದೇ ಧಾಟಿ ಮತ್ತೆ, ಇನ್ನೊಂದು ಚೂರು ಜೋರು, ಇನ್ನೊಂದು ಚೂರು ಬೇಗ. ಎರಡೂವರೆ ನಿಮಿಷಕ್ಕೆ ಮನೆ ಪೂರ್ತಿ ಓಡುತ್ತಿರುತ್ತದೆ. ನೋಡಿ, ಚಿನ್ನು ಟೇಬಲ್ ಕೆಳಗೆ ಹೋದ. ನಾನು ಅಡಗಿಕೋ ಅಂತ ಹೇಳಿಲ್ಲ. ಸಂಗೀತ ಹೇಳಿತು.

ಈಗ ಸ್ಪೀಕರ್ ವಿಷಯ. ಇದನ್ನು ಹೇಳದೆ ಮುಂದೆ ಹೋಗಲಾರೆ, ಎರಡು ವಾರ ಇದೇ ತಲೆನೋವು.

ಇಗೋ, ಈ ಕಪ್ಪು ಸ್ಪೀಕರ್. ಲೋಟದಷ್ಟು ಎತ್ತರ. ₹1,799 ಕೊಟ್ಟೆ. ಅಂಗಡಿಯವರು ಒಂದು ಸಿನಿಮಾ ಹಾಡು ಹಾಕಿ ‘ಬೇಸ್ ನೋಡಿ ಮೇಡಂ’ ಅಂದರು. ಧಡ್ ಧಡ್ ಅಂತ ಹೊಡೆಯಿತು, ನಾನೂ ಖುಷಿಯಾಗಿ ತಂದೆ. ಮನೆಗೆ ಬಂದು, ಬೆಂಕಿಹಕ್ಕಿಯ ಕಥೆಗೆ ರಷ್ಯಾದ ಸ್ಟ್ರಾವಿನ್ಸ್ಕಿ ಬರೆದ ಬ್ಯಾಲೆ, ಅಂದರೆ ನೃತ್ಯನಾಟಕದ ಸಂಗೀತ, ‘ಫೈರ್‌ಬರ್ಡ್’ ಹಾಕಿದೆ. ಅದು ಶುರುವಾಗುವುದು ಪಿಟೀಲಿನ ದೊಡ್ಡಣ್ಣಂದಿರಾದ ಚೆಲ್ಲೊ ಮತ್ತು ಡಬಲ್ ಬೇಸ್‌ಗಳಿಂದ. ತುಂಬಾ ಕೆಳಗೆ, ತುಂಬಾ ಮೆಲ್ಲಗೆ. ಮಾಂತ್ರಿಕನ ತೋಟ, ನಡುರಾತ್ರಿ. ನಮಗೆ ಏನು ಕೇಳಿಸಿತು? ಏನೂ ಇಲ್ಲ. ಫ್ಯಾನಿನ ಸದ್ದು ಕೇಳಿಸಿತು. ಪುಟ್ಟಿ ‘ಅಮ್ಮಾ, ಇನ್ನೂ ಹಾಕಿಲ್ವಾ?’ ಅಂದಳು.

ಆಮೇಲೆ ಓದಿ ತಿಳಿದುಕೊಂಡೆ. ಡಬಲ್ ಬೇಸ್‌ನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂಗೈಯಷ್ಟು ಪೆಟ್ಟಿಗೆಗೆ ಅಷ್ಟು ಕೆಳಗಿಳಿಯಲು ಆಗುವುದಿಲ್ಲ, ಗಾಳಿ ತಳ್ಳಲು ಅದಕ್ಕೆ ಜಾಗವೇ ಸಾಲದು. ಸಿನಿಮಾ ಹಾಡಿನ ಧಡ್ ಧಡ್ ಬೇರೆ, ಅದು ಇದಕ್ಕಿಂತ ಮೇಲೆ ಇರುವ ಸದ್ದು, ಅದನ್ನೇ ಎತ್ತಿ ಕೊಟ್ಟಿರುತ್ತಾರೆ. ಅಂದರೆ ಕಥೆಯ ತೋಟ, ಕತ್ತಲು, ಭಯ, ಎಲ್ಲವೂ ಆ ಸ್ಪೀಕರ್‌ನಲ್ಲಿ ಮಾಯ. ಉಳಿದದ್ದು ಮೇಲಿನ ಕೊಳಲು ಮಾತ್ರ.

ಸರಿ, ಸೌಂಡ್ ಜಾಸ್ತಿ ಮಾಡಿದೆ. ಪೂರ್ತಿ. ರಾಜಕುಮಾರಿಯರು ವೃತ್ತ ಕಟ್ಟಿ ಕುಣಿಯುವ ಭಾಗ ಬಂತು, ಹಳ್ಳಿ ಹಾಡಿನ ಧಾಟಿ, ಎಷ್ಟು ಮೃದು ಅಂದರೆ ಚಿನ್ನು ಹಾಲಿನ ಲೋಟ ಎದೆಗೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದ. ಅದು ಸದ್ದಿಲ್ಲದೆ ಮುಗಿಯುತ್ತದೆ. ಮುಗಿದ ತಕ್ಷಣ ರಾಕ್ಷಸನ ಕುಣಿತ, ಇಡೀ ಆರ್ಕೆಸ್ಟ್ರಾ ಒಂದೇ ಏಟು. ಲೋಟ ಹಾರಿತು. ಈ ಚಾಪೆಯ ಅಂಚಿನಲ್ಲಿ ಕಲೆ ಕಾಣುತ್ತಿದೆ ನೋಡಿ, ಆ ಹಾಲಿನದೇ. ಚಿನ್ನು ಅತ್ತ. ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು ಏನಾಯಿತು, ಯಾರು ಬಿದ್ದರು ಅಂತ ಕೇಳಿದರು. ನನಗೆ ನಿಜವಾಗಿ ಬೇಜಾರಾಯಿತು. ಮಗುವಿಗೆ ಒಂದು ಒಳ್ಳೆಯದು ಕೊಡೋಣ ಅಂತ ಕೂತರೆ, ಮೊದಲ ನೆನಪೇ ಹೆದರಿಕೆ ಆಗಿಬಿಟ್ಟರೆ?

ಸ್ಪೀಕರ್ ವಾಪಸ್ ಕೊಡಲು ಹೋದೆ. ಬಾಕ್ಸ್ ತೆರೆದಿದೆ, ಆಗಲ್ಲ ಅಂದರು. ತೆರೆಯದೆ ಹೇಗೆ ಕೇಳುವುದು? ಅದಕ್ಕೆ ಉತ್ತರ ಇಲ್ಲ. ಮಳೆಯಲ್ಲಿ ನಡೆದುಕೊಂಡು ವಾಪಸ್ ಬಂದೆ.

ಕೊನೆಗೆ ಅಟ್ಟದ ಮೇಲಿಂದ ಅಪ್ಪನ ಹಳೆಯ ಸ್ಟೀರಿಯೊ ಇಳಿಸಿದೆ. ಎರಡು ಮರದ ಪೆಟ್ಟಿಗೆ, ಒಂದೊಂದೂ ಚಿನ್ನುವಿನ ಸೊಂಟದಷ್ಟು ಎತ್ತರ. ಕ್ಯಾಸೆಟ್ ಬಾಗಿಲು ಮುಚ್ಚುವುದಿಲ್ಲ, ಮುಚ್ಚಬೇಕಾಗಿಯೂ ಇಲ್ಲ. ಫೋನಿಗೆ ಜೋಡಿಸುವ ವೈರು ₹120. ಹಾಕಿದೆವು. ಈ ಶಾಟ್ ನನಗೆ ತುಂಬಾ ಇಷ್ಟ, ಇದನ್ನು ಕತ್ತರಿಸುವುದಿಲ್ಲ. ಪುಟ್ಟಿ ಪೆಟ್ಟಿಗೆಯ ಬಟ್ಟೆಯ ಮೇಲೆ ಅಂಗೈ ಇಟ್ಟಿದ್ದಾಳೆ. ಬೆರಳುಗಳನ್ನು ಅಗಲಿಸಿದ್ದಾಳೆ. ‘ಅಮ್ಮಾ, ಒಳಗೆ ಹಾವು ಹರಿದ ಹಾಗಿದೆ’ ಅಂದಳು. ತಮ್ಮನ ಕೈಯನ್ನೂ ಹಿಡಿದು ಅಲ್ಲೇ ಇಟ್ಟಳು. ಹೆದರಿ ಓಡಿದ್ದ ಹುಡುಗ, ಈಗ ಕಿವಿಯನ್ನೇ ಆನಿಸಿ ನಿಂತಿದ್ದಾನೆ.

ಫೈರ್‌ಬರ್ಡ್ ಕಥೆ ಹೇಳಿಬಿಡುತ್ತೇನೆ, ಗೊತ್ತಿಲ್ಲದವರಿಗೆ. ರಷ್ಯಾದ ಜಾನಪದ. ರಾಜಕುಮಾರ ಇವಾನ್ ಮಾಯಾ ತೋಟದಲ್ಲಿ ಒಂದು ಬೆಂಕಿಹಕ್ಕಿ ಹಿಡಿಯುತ್ತಾನೆ. ಅದು ಬೇಡಿಕೊಳ್ಳುತ್ತದೆ, ಬಿಡುತ್ತಾನೆ, ಅದು ಒಂದು ಗರಿ ಕೊಡುತ್ತದೆ. ಅಲ್ಲಿ ಕಶ್ಚೇಯ್ ಅನ್ನುವ ಮಾಂತ್ರಿಕ ರಾಕ್ಷಸ, ಸಾವೇ ಇಲ್ಲದವನು. ಹದಿಮೂರು ರಾಜಕುಮಾರಿಯರು ಅವನ ಸೆರೆಯಲ್ಲಿ. ಅವನಿಗೆ ಯಾಕೆ ಸಾವಿಲ್ಲ? ಅವನ ಪ್ರಾಣ ಅವನೊಳಗಿಲ್ಲ. ಪೆಟ್ಟಿಗೆಯೊಳಗೆ ಒಂದು ಮೊಟ್ಟೆ, ಮೊಟ್ಟೆಯೊಳಗೆ ಪ್ರಾಣ. ಅದು ಒಡೆದರೆ ಅವನ ಕಥೆ ಮುಗಿಯಿತು.

ಇಷ್ಟು ಹೇಳುತ್ತಿದ್ದ ಹಾಗೆ ಪುಟ್ಟಿ ಎದ್ದು ಕೂತಳು. ‘ಗಿಳಿ ಕಥೆ!’ ಅಂದಳು. ಹೌದು ಅಲ್ವಾ? ಏಳು ಸಮುದ್ರದ ಆಚೆ, ಮರದ ಪೊಟರೆಯಲ್ಲಿ, ಗಿಳಿಯಲ್ಲಿ ರಾಕ್ಷಸನ ಪ್ರಾಣ. ನಮ್ಮಜ್ಜಿ ಕೈತುತ್ತು ಹಾಕುತ್ತಾ ಹೇಳಿದ ಕಥೆ, ನಾನು ಇವರಿಗೆ ಹೇಳಿದ ಕಥೆ. ರಷ್ಯಾದ ರಾಕ್ಷಸ ಅವಳಿಗೆ ಆ ಕ್ಷಣದಿಂದ ಪರಿಚಯದವನಾದ. ಇದಕ್ಕಾಗಿಯೇ ನಾನು ಹೇಳುವುದು, ಕಥೆ ಮೊದಲು, ಸಂಗೀತ ಆಮೇಲೆ. ಕಥೆ ಹೇಳದೆ ಮಕ್ಕಳ ಮುಂದೆ ಸಿಂಫನಿ ಹಾಕಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಸ್ಟ್ರಾವಿನ್ಸ್ಕಿ ಒಂದು ಚಂದದ ಕೆಲಸ ಮಾಡಿದ್ದಾರೆ. ಹಕ್ಕಿ, ರಾಕ್ಷಸ, ಮಂತ್ರದ ಲೋಕಕ್ಕೆಲ್ಲ ಜಾರುವ, ಕುಲುಕುವ, ಹತ್ತಿರ ಹತ್ತಿರದ ಸ್ವರಗಳು. ಇವಾನ್ ಮತ್ತು ರಾಜಕುಮಾರಿಯರಿಗೆ ನೇರವಾದ ಹಳ್ಳಿ ಹಾಡಿನ ಧಾಟಿ. ಇದನ್ನು ನಾನು ಹೇಳಿಕೊಟ್ಟಿಲ್ಲ, ‘ಈಗ ಮನುಷ್ಯರಾ, ಮಾಂತ್ರಿಕರಾ?’ ಅಂತ ಮಾತ್ರ ಕೇಳಿದೆ. ಚಿನ್ನು ಕೂಡ ಸರಿಯಾಗಿ ಹೇಳಿದ. 1910ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಇದು ಮೊದಲ ಸಲ ರಂಗಕ್ಕೆ ಬಂದಾಗ ಸ್ಟ್ರಾವಿನ್ಸ್ಕಿಗೆ 28 ವರ್ಷ.

ನಾನು ಹಾಕಿದ್ದು 1919ರ ಸೂಟ್, ಅಂದರೆ ಬ್ಯಾಲೆಯಿಂದ ಆಯ್ದ ಭಾಗಗಳು, ಸುಮಾರು 20 ನಿಮಿಷದ ಚಿಕ್ಕ ರೂಪ. ಪೂರ್ತಿ ಬ್ಯಾಲೆ ಮುಕ್ಕಾಲು ಗಂಟೆ, ಮಕ್ಕಳು ಕೂರುವುದಿಲ್ಲ ಅಂದುಕೊಂಡೆ. ರಾಕ್ಷಸರು ಕುಣಿದು ಸುಸ್ತಾದರು. ಬಸೂನ್ ಅನ್ನುವ ಊದುವ ವಾದ್ಯದಲ್ಲಿ ಲಾಲಿ ಬಂತು, ಎಲ್ಲರೂ ಮಲಗಿದರು. ಆಮೇಲೆ ಒಂಟಿ ಹಾರ್ನ್, ನಮ್ಮ ಕಹಳೆಯಂಥ ವಾದ್ಯ, ಬೆಳಗಾದ ಹಾಗೆ. ಗಂಟೆ ಹೊಡೆದ ಹಾಗೆ ಮುಗಿಯಿತು. ನನ್ನ ಕಣ್ಣಲ್ಲಿ ನೀರು. ಪುಟ್ಟಿ ಮುಖ ಗಂಟು ಹಾಕಿಕೊಂಡು ‘ಮೊಟ್ಟೆ ಎಲ್ಲಿ ಒಡೆಯಿತು?’ ಅಂದಳು.

ನಾನು ತಡವರಿಸಿದೆ. ಇಷ್ಟು ವರ್ಷ ಕೇಳಿದ್ದೇನೆ, ಈ ಪ್ರಶ್ನೆ ಬಂದೇ ಇರಲಿಲ್ಲ. ಹುಡುಕಿದೆ. ಅವಳು ಹೇಳಿದ್ದು ಸರಿ. ಸೂಟ್‌ನಲ್ಲಿ ಮೊಟ್ಟೆ ಒಡೆಯುವುದೇ ಇಲ್ಲ! ಲಾಲಿಯಿಂದ ನೇರವಾಗಿ ಕೊನೆಯ ಭಾಗಕ್ಕೆ ಹೋಗುತ್ತದೆ. ರಾಕ್ಷಸ ಏಳುವುದು, ಸಾಯುವುದು ಪೂರ್ತಿ ಬ್ಯಾಲೆಯಲ್ಲಿ ಮಾತ್ರ ಇದೆ. ಇವತ್ತು ಆ ಭಾಗ ಹಾಕಿದ್ದೇನೆ, ಈಗ ನೀವು ನೋಡುತ್ತಿರುವುದು ಅದೇ. ಪುಟ್ಟಿ ಮುಷ್ಟಿ ಬಿಗಿ ಹಿಡಿದು ಕಾಯುತ್ತಿದ್ದಾಳೆ. ಬಂತು, ಅಪ್ಪಳಿಸಿತು, ಮುಷ್ಟಿ ಬಿಚ್ಚಿದಳು. ಆಮೇಲೆ ತಂತಿಗಳೆಲ್ಲ ಕತ್ತಲಲ್ಲಿ ನಡುಗುತ್ತವೆ. ಆ ನಡುಕದಿಂದ ಹಾರ್ನ್ ಏಳುತ್ತದೆ. ಮೊಟ್ಟೆ ಒಡೆದ ಮೇಲೆ ಕೇಳಿದರೆ ಆ ಹಾರ್ನ್ ಬೇರೆಯೇ. ಮಕ್ಕಳಿಗೆ ಚಿಕ್ಕದು ಸಾಕು ಅಂದುಕೊಂಡದ್ದು ನನ್ನ ತಪ್ಪು. ಅವರಿಗೆ ಕಥೆ ಪೂರ್ತಿ ಬೇಕು.

ಸಿಬೇಲಿಯಸ್‌ನ ‘ಟುವೊನೆಲಾದ ಹಂಸ’ ಕೂಡ ಹಾಕಿದೆ, ಫಿನ್‌ಲ್ಯಾಂಡಿನ ಪುರಾಣದಲ್ಲಿ ಬರುವ ಸತ್ತವರ ನದಿಯ ಹಂಸ. ಚಿನ್ನು ನಿದ್ದೆ ಮಾಡಿದ, ಪುಟ್ಟಿ ಚಿತ್ರ ಬಿಡಿಸಿದಳು. ನಡುವೆ ಟೂತ್‌ಪೇಸ್ಟ್ ಜಾಹೀರಾತು ಬಂತು. ಹಂಸ ನೀರಿನ ಮೇಲೆ ಹೋಗುವಾಗ ಟೂತ್‌ಪೇಸ್ಟ್! ದಯವಿಟ್ಟು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸರಿ, ಮುಂದಿನ ಶಾಟ್.

ಇದು ಭಾನುವಾರ ಸಂಜೆ. ಮಳೆ ನಿಂತಿದೆ. ಅರಮನೆ ಮುಂದೆ ದೀಪ ಹತ್ತಲು ಕಾಯುತ್ತಿದ್ದೇವೆ. ಇಲ್ಲಿಗೆ ಸುಮ್ನೆ ಬಂದಿಲ್ಲ.

ನಿಕೊಲಾಯ್ ಮೆಟ್ನರ್ ಅಂತ ಒಬ್ಬ ಸಂಗೀತಗಾರ. ಮಾಸ್ಕೋದಲ್ಲಿ ಹುಟ್ಟಿದವರು, ಊರು ಬಿಟ್ಟು ಕೊನೆಗೆ ಲಂಡನ್ ಸೇರಿದವರು. ಪಿಯಾನೋಗೆ ‘ಸ್ಕಾಜ್ಕಿ’ ಅಂತ 30ಕ್ಕೂ ಹೆಚ್ಚು ಚಿಕ್ಕ ಚಿಕ್ಕ ತುಣುಕು ಬರೆದರು. ಸ್ಕಾಜ್ಕಿ ಅಂದರೆ ಕಥೆಗಳು, ಅಜ್ಜಿ ಕಥೆಗಳು. ಅದರಲ್ಲಿ ಆರು ಕಥೆಗಳ ಒಂದು ಗುಚ್ಛವನ್ನು ಸಿಂಡ್ರೆಲಾಗೂ ದಡ್ಡ ಇವಾನನಿಗೂ ಅರ್ಪಿಸಿದ್ದಾರೆ. ಕಥೆಯ ಪಾತ್ರಗಳಿಗೆ ಅರ್ಪಣೆ, ಎಷ್ಟು ಮುದ್ದಾಗಿದೆ ಅಲ್ವಾ! 1940ರ ದಶಕದಲ್ಲಿ ಅವರಿಗೆ ವಯಸ್ಸಾಗಿತ್ತು, ಆರೋಗ್ಯ ಸರಿ ಇರಲಿಲ್ಲ. ಆಗ ಅವರ ಸಂಗೀತವನ್ನು ಅವರೇ ನುಡಿಸಿ ರೆಕಾರ್ಡ್ ಮಾಡಲು ದುಡ್ಡು ಕೊಟ್ಟವರು ಯಾರು ಗೊತ್ತಾ? ಈ ಅರಮನೆಯ ಜಯಚಾಮರಾಜ ಒಡೆಯರು. ಮಹಾರಾಜರು ಪಿಯಾನೋ ಕಲಿತವರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರೂ ಅವರೇ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು, ಅಂದರೆ ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸುವ ದೊಡ್ಡ ರಚನೆಯನ್ನು, ಮಹಾರಾಜರಿಗೆ ಅರ್ಪಿಸಿದರು. ಅದರ ಮೊದಲ ಭಾಗದ ಹಿಂದೆಯೂ ಒಂದು ಕಥೆ, ರಷ್ಯಾದ ಕವಿ ಲೆರ್ಮಂತೊವ್ ಬರೆದ ನೀರುಕನ್ಯೆಯ ಪದ್ಯ. ಮೆಟ್ನರ್ 1951ರಲ್ಲಿ ತೀರಿಕೊಂಡರು. ಆ ರೆಕಾರ್ಡುಗಳು ಉಳಿದವು. ಮೈಸೂರಲ್ಲಿ ಎಷ್ಟು ಮಕ್ಕಳಿಗೆ ಇದನ್ನು ಹೇಳಿದ್ದೇವೆ? ನನಗೇ ಇದು ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ದಸರಾಗೆ ಕರೆತಂದು ಆನೆ ತೋರಿಸುತ್ತೇವೆ, ಸಿಂಹಾಸನ ತೋರಿಸುತ್ತೇವೆ. ಇದನ್ನೂ ಹೇಳಬೇಕು. ಇದೂ ನಮ್ಮ ಊರಿನದೇ.

ಮೆಟ್ನರ್ ಹತ್ತಿರ ನನಗೊಂದು ತೊಂದರೆ ಇತ್ತು. ಹೆಚ್ಚಿನವಕ್ಕೆ ‘ಕಥೆ’ ಅಂತ ಹೆಸರಿದೆ, ಯಾವ ಕಥೆ ಅಂತ ಹೇಳಿಲ್ಲ. ನಿನ್ನೆ ಏನಂದೆ? ಕಥೆ ಹೇಳದೆ ಹಾಕಬೇಡಿ ಅಂದೆ. ಇವತ್ತು ಕಥೆಯೇ ಇಲ್ಲ. ಇಯರ್‌ಫೋನ್ ಒಂದೊಂದು ತುದಿ ಒಬ್ಬೊಬ್ಬರಿಗೆ ಕೊಟ್ಟೆ. ‘ಇದು ಒಂದು ಕಥೆ. ಯಾವುದು ಅಂತ ನನಗೂ ಗೊತ್ತಿಲ್ಲ’ ಅಂದೆ. ಅಷ್ಟೇ.

ನೋಡಿ, ತಲೆಗೆ ತಲೆ ತಾಗಿಸಿ ಕೂತಿದ್ದಾರೆ. ಸುತ್ತ ಜನ, ಕಡಲೆಕಾಯಿ, ಬಲೂನು, ಯಾವುದೂ ಬೇಡ. ಚಿನ್ನು ಬೆರಳಲ್ಲಿ ಕಲ್ಲಿನ ಮೇಲೆ ಏನೋ ನಡೆಸುತ್ತಿದ್ದಾನೆ. ಎರಡು ಬೆರಳು, ಕಾಲಿನ ಹಾಗೆ. ನಿಲ್ಲುತ್ತದೆ. ಹಿಂದೆ ತಿರುಗುತ್ತದೆ. ಮತ್ತೆ ಓಡುತ್ತದೆ. ನಿನ್ನೆ ಬೈದೆನಲ್ಲ ಪೀಟರ್ ಮತ್ತು ತೋಳವನ್ನು, ಅದನ್ನೂ ಮುಂದಿನ ವಾರ ಮತ್ತೆ ಹಾಕಿ ನೋಡುತ್ತೇನೆ. ಈಗ ಇವರ ಕಿವಿ ಬೇರೆ ಆಗಿದೆ.

ಮುಗಿಯಿತು ಅನ್ನಿಸುತ್ತದೆ. ಚಿನ್ನು ಇಯರ್‌ಫೋನ್ ತೆಗೆದ. ಏನಾಯಿತು ಕಥೆಯಲ್ಲಿ ಅಂತ ಕೇಳಿದೆ, ಕ್ಯಾಮೆರಾದಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ನಾನೇ ಹೇಳುತ್ತೇನೆ. ‘ಒಬ್ಬ ಮನೆಗೆ ಹೋಗುತ್ತಿದ್ದ. ದಾರಿ ತಪ್ಪಿತು. ಅಳಲಿಲ್ಲ. ಆಮೇಲೆ ಒಂದು...’ ಅಂದ, ಅಷ್ಟರಲ್ಲಿ ದೀಪ ಹತ್ತಿತು. ಎಲ್ಲರೂ ಹೋ ಅಂದರು, ಅವನೂ ಎದ್ದು ನಿಂತ. ಬ್ಯಾಟರಿ ಕೆಂಪು ತೋರಿಸುತ್ತಿದೆ, ದೀಪದ ಒಂದು ಶಾಟ್ ತೆಗೆದುಕೊಳ್ಳುತ್ತೇನೆ. ಉಳಿದ ಕಥೆ ಬಸ್ಸಿನಲ್ಲಿ ಹೇಳುತ್ತಾನಂತೆ.